ಶನಿವಾರ–ಭಾನುವಾರದಲ್ಲಿ ಮೈಸೂರು, ಜಾನಪದ ಲೋಕ ಎರಡೂ ಆಗುತ್ತಾ?

ಶಿರಾ ಗೇಟ್ ಸೊಸೆ: ತುಮಕೂರಿಂದ ಶನಿವಾರ ಬೆಳಗ್ಗೆ ಕಾರಲ್ಲಿ ಹೊರಟು ಭಾನುವಾರ ರಾತ್ರಿ ವಾಪಸ್. ಜೊತೆಗೆ ಮಂಡಿನೋವಿರೋ ಅತ್ತೆ, ಇಬ್ಬರು ಮಕ್ಕಳು. ಅರಮನೆ, ರಾಮನಗರದ ಜಾನಪದ ಲೋಕ (ಹಳ್ಳಿ ಕಲೆ, ಸಾಮಾನುಗಳ ಮ್ಯೂಸಿಯಂ) ಎರಡೂ ನೋಡ್ಬೇಕು. ಹೋಗಿಬಂದೋರು ಹೇಳಿ.

ಕುಣಿಗಲ್ ರೋಡ್: ನಾವು ಕುಣಿಗಲ್, ಹುಲಿಯೂರುದುರ್ಗ, ಮದ್ದೂರು ಮೇಲೆ ಹೋದ್ವಿ. ಜಾನಪದ ಲೋಕ ಮದ್ದೂರಿಂದ ಬೆಂಗಳೂರು ಕಡೆಗೆ ಮೂವತ್ತು ಕಿಲೋಮೀಟರ್, ಆ ಕಡೆ ತಲೆನೂ ಹಾಕಲಿಲ್ಲ. ಲಾಡ್ಜಿನವನು ಫೋನಲ್ಲಿ 2,800 ಅಂದ, ಕೌಂಟರಲ್ಲಿ 'ವೀಕೆಂಡ್ ಸಾರ್' ಅಂತ 4,200. ಬಿಸಿನೀರು ಬರೋದು ಬೆಳಗ್ಗೆ ಒಂದು ಗಂಟೆ. ಪಾರ್ಕಿಂಗ್ 100. ಆಟೋದವನು ಅರಮನೆಗೆ ಅಂತ 250 ತಗೊಂಡು ಮೊದಲು ಇಳಿಸಿದ್ದು ಸೀರೆ ಅಂಗಡಿ ಮುಂದೆ. ಅಲ್ಲಿ ನಮ್ಮನೆಯವಳು 6,500 ಕೊಟ್ಟಳು. ಅದನ್ನ ಲೆಕ್ಕಕ್ಕೆ ಸೇರಿಸಿಲ್ಲ.

ಮಧುಗಿರಿ ಮೇಷ್ಟ್ರು: ತಲೆ ಹಾಕದೇ ಇರೋದೂ ಹೆಮ್ಮೆಯಾ ಸ್ವಾಮಿ? ಎಚ್.ಎಲ್. ನಾಗೇಗೌಡರು ಸರ್ಕಾರಿ ಅಧಿಕಾರಿಯಾಗಿದ್ದೋರು, ಊರೂರು ಅಲೆದು ಕೂಡಿಸಿದ್ದು ಅದು. ಅಲ್ಲಿನ ಲೋಕಮಹಲ್ ಕಟ್ಟಡದಲ್ಲಿ ತೊಗಲುಗೊಂಬೆ ಮುಂದೆ ನನ್ನ ಮೊಮ್ಮಗ ಕದಲಲಿಲ್ಲ. ಹಳ್ಳಿ ಕಸುಬಿನೋರ ಸಾಮಾನು ಇಟ್ಟಿರೋ ಆಯಗಾರರ ಮಾಳದಲ್ಲಿ ಗಾಣ ನೋಡಿ 'ತಾತ, ಮೋಟರ್ ಎಲ್ಲಿ' ಅಂದ. ಅರಮನೆಯಲ್ಲಿ ನಾವು ನೋಡಿದ್ದು ಮುಂದಿನೋರ ಬೆನ್ನು. ಕುಣಿಗಲ್‌ನಿಂದ ಮಾಗಡಿ ಮೇಲೆ ರಾಮನಗರಕ್ಕೆ ಹೋಗಿ, ಹಳೇ ಮೈಸೂರು ರಸ್ತೆ ಹಿಡೀರಿ. ದಶಪಥದಲ್ಲಿ, ಅಂದ್ರೆ ಬೆಂಗಳೂರು–ಮೈಸೂರು ಹೊಸ ಎಕ್ಸ್‌ಪ್ರೆಸ್‌ವೇಲಿ ಹೋದ್ರೆ ರಾಮನಗರ, ಚನ್ನಪಟ್ಟಣ ಎರಡೂ ಪಕ್ಕಕ್ಕೇ ಉಳಿದುಬಿಡ್ತವೆ.

ತಿಪಟೂರು ಬುಲೆಟ್: ದಶಪಥದ ಮಾತೇ ಬೇಡ. 2023ರ ಆಗಸ್ಟಿಂದ ಬೈಕ್ ಬಿಡಲ್ಲ. ಸರ್ವಿಸ್ ರಸ್ತೆಯ ಹಂಪ್‌ಗೆ ನನ್ನ ಹಿಂದಿನ ಶಾಕ್ ಹೋಯ್ತು, ಮಂಡ್ಯದಲ್ಲಿ 3,400 ಬಿಲ್. ತೆರಿಗೆ ನಾವೂ ಕಟ್ತೀವಿ.

ಕುಣಿಗಲ್ ರೋಡ್: ಅಲ್ಲಿ ಆಗ್ತಿದ್ದ ಆಕ್ಸಿಡೆಂಟ್ ನೋಡಿ ನಿಲ್ಲಿಸಿದ್ದು. ಅವರು ಕೇಳಿದ್ದು ಕಾರಿಗೆ.

ತಿಪಟೂರು ಬುಲೆಟ್: ನೀವು ಹೇಳಿದ್ದು ಸೀರೆಗೆ.

ಗುಬ್ಬಿ ಅಕ್ಕ: ಕಾರೇ ಬೇಡಮ್ಮ. ನಾವು ಹೆಂಗಸರೆಲ್ಲ ಕೆಂಪು ಬಸ್ಸಲ್ಲಿ ಆಧಾರ್ ತೋರಿಸಿ ಹೋದ್ವಿ, ಟಿಕೆಟ್ ಸೊನ್ನೆ. ಮೆಜೆಸ್ಟಿಕ್‌ನಲ್ಲಿ ನಮ್ಮ ನಾದಿನಿ ಅವಸರಕ್ಕೆ ರಾಜಹಂಸ ಹತ್ತಿದ್ಲು, ದುಡ್ಡು ಕೊಟ್ಲು, ಮೈಸೂರು ಬರೋವರೆಗೂ ಗೊಣಗಿದ್ಲು. ಭಾನುವಾರ ಸಂಜೆ 7ಕ್ಕೆ ಅರಮನೆ ದೀಪ, ಅದೊಂದು ಬಿಡಬೇಡಿ. ಆಮೇಲೆ ಬಸ್ ಸ್ಟ್ಯಾಂಡಲ್ಲಿ ಸೀಟಿಗೆ ಕಿಟಕಿಯಿಂದ ಟವಲ್ ಎಸೀಬೇಕಾಯ್ತು, ಊರು ಸೇರಿದಾಗ ಎರಡೂವರೆ. ಚನ್ನಪಟ್ಟಣದ ಗೊಂಬೆ ಅಂತ ರಸ್ತೆ ಬದಿ 450 ಕೊಟ್ಟು ತಂದಿದ್ದಕ್ಕೆ ಮಗು ಬಾಯಿ ಹಾಕ್ತಲೇ ಬಣ್ಣ ಬಿಟ್ತು.

ಮಧುಗಿರಿ ಮೇಷ್ಟ್ರು: ಹಾಗಾದ್ರೆ ಅದು ಅಸಲಿ ಅಲ್ಲಮ್ಮ. ಹಾಲೆ ಮರವನ್ನ ಕಡಚಲು ಯಂತ್ರಕ್ಕೆ (ಲೇತ್) ಕೊಟ್ಟು, ತಿರುಗ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಹಿಡೀತಾರೆ. ಆ ಬಿಸಿಗೇ ಕರಗಿ ಕೂತ್ಕೊಳ್ಳೋ ಬಣ್ಣ ನೆಕ್ಕಿದ್ರೆ ಬಿಡಲ್ಲ.

ಗುಬ್ಬಿ ಅಕ್ಕ: ಅಂಗಡಿಯವನೂ ಹಿಂಗೇ ಪಾಠ ಮಾಡಿದ್ದ ಮೇಷ್ಟ್ರೇ.

ಶಿರಾ ಗೇಟ್ ಸೊಸೆ: ಅತ್ತೆ ಮಂಡಿ ಬಗ್ಗೆ ಯಾರಾದ್ರೂ ಹೇಳ್ತೀರಾ? ಅರಮನೆಯಲ್ಲಿ ನಡಿಗೆ ಎಷ್ಟು?

ಕುಣಿಗಲ್ ರೋಡ್: ಚಪ್ಪಲಿ ಹೊರಗೆ ಬಿಡ್ಬೇಕು. ಮಧ್ಯಾಹ್ನ ಕಲ್ಲು ಸುಡುತ್ತೆ, ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಹೋಗಿ. ಮದ್ದೂರಲ್ಲಿ ವಡೆ ಮಾತ್ರ ಬಿಡಬೇಡಿ.

ತಿಪಟೂರು ಬುಲೆಟ್: ಹೆದ್ದಾರಿ ಹೋಟೆಲಲ್ಲಿ ಕೊಡೋ ಎಣ್ಣೆಮುದ್ದೆಯನ್ನ ಮದ್ದೂರು ವಡೆ ಅಂತಾರಾ? ರೈಲಲ್ಲಿ ಮಾರ್ತಿದ್ರಲ್ಲ, ಅದು ವಡೆ.

ಕುಣಿಗಲ್ ರೋಡ್: ಬೈಕಲ್ಲಿ ಹೋಗೋರಿಗೆ ರೈಲಿನ ವಡೆ ಎಲ್ಲಿ ಸಿಕ್ತಪ್ಪ?