ಮ್ಯಾಚ್ ಸೋತ ರಾತ್ರಿ ಅಭಿಮಾನಿ ಗ್ರೂಪ್ ಹದ ತಪ್ಪುತ್ತೆ, ಅಡ್ಮಿನ್ ಏನು ಮಾಡ್ಬೇಕು?

ಹೇಮಾವತಿ_ದಂಡೆ:
ಹಾಸನ, ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆಯವರ ಆರ್‌ಸಿಬಿ ಅಭಿಮಾನಿಗಳ ಗುಂಪು. ವಾಟ್ಸಾಪ್‌ನಲ್ಲಿ 600 ಜನ, ಟೆಲಿಗ್ರಾಂನಲ್ಲಿ ಅದರ ಎರಡರಷ್ಟು. ಬಹುಪಾಲು ಪಿಯು, ಡಿಗ್ರಿ ಹುಡುಗರು, ಹೆಣ್ಣುಮಕ್ಕಳು ಸುಮಾರು ಐವತ್ತು ಜನ. ಸೋತ ದಿನ ರಾತ್ರಿ ಹನ್ನೊಂದೂವರೆಯಿಂದ ಎರಡು ಗಂಟೆವರೆಗೆ ಬರೀ ಬೈಗುಳ. ಮೂರು ವಿಷಯ ಬೇಕು: ರಾತ್ರಿ ಜಗಳ ನಿಲ್ಲಿಸೋದು ಹೇಗೆ? ಯಾರಾದ್ರೂ "ಬದುಕೋದೇ ಬೇಡ" ಅಂತ ಹಾಕಿದ್ರೆ ಅದು ಸೋಲಿನ ಸಿಟ್ಟೋ ನಿಜವೋ ಅಂತ ತಿಳಿಯೋದು ಹೇಗೆ? ಹೆಣ್ಣುಮಕ್ಕಳ ಇನ್‌ಬಾಕ್ಸಿಗೆ ಹೋಗಿ ಕಾಡೋರನ್ನ ತಡೆಯೋದು ಹೇಗೆ? "ಪಾಸಿಟಿವ್ ಆಗಿರಿ" ಅನ್ನೋ ಸಲಹೆ ಬೇಡ, ಮಾಡೋ ಕೆಲಸ ಹೇಳಿ.

ಸೆಟ್ಟಿಂಗ್ಸ್_ಸಿದ್ದ:
ಮೊದಲನೆಯದಕ್ಕೆ ಮಾತ್ರ ಹೇಳ್ತೀನಿ. ಬೈದು ಬುದ್ಧಿ ಹೇಳೋದ್ರಿಂದ ಆಗಲ್ಲ, ಬಾಗಿಲು ಹಾಕೋ ಹೊತ್ತು ಗೊತ್ತು ಮಾಡಿ.

ಏಳೂವರೆ ಮ್ಯಾಚ್ ಹನ್ನೊಂದೂವರೆ ಹೊತ್ತಿಗೆ ಮುಗಿಯುತ್ತೆ. ಹನ್ನೊಂದೂಮುಕ್ಕಾಲಿಗೆ ವಾಟ್ಸಾಪ್ ಗ್ರೂಪಿನ ಅನುಮತಿಗಳಲ್ಲಿ ಮೆಸೇಜ್ ಕಳಿಸೋದನ್ನ ಅಡ್ಮಿನ್‌ಗಳಿಗೆ ಮಾತ್ರ ಬಿಡಿ, ಬೆಳಗ್ಗೆ ಏಳಕ್ಕೆ ತೆರೀರಿ. ಇದು ತಾನಾಗೇ ಆಗಲ್ಲ, ಕೈಯಲ್ಲೇ ಮಾಡ್ಬೇಕು. ಗೆದ್ದ ದಿನವೂ ಅದೇ ಹೊತ್ತಿಗೆ ಮುಚ್ಚಿ. ಸೋತಾಗ ಮಾತ್ರ ಮುಚ್ಚಿದ್ರೆ ಶಿಕ್ಷೆ ಕೊಟ್ಟ ಹಾಗೆ ಕಾಣುತ್ತೆ, ಮರುದಿನ ಜಗಳ ಅಡ್ಮಿನ್ ಮೇಲೆ ತಿರುಗುತ್ತೆ. ಟೆಲಿಗ್ರಾಂನಲ್ಲಿ ಸ್ಲೋ ಮೋಡ್ ಇದೆ, ಒಂದು ಮೆಸೇಜ್ ಹಾಕಿದವರು ಇನ್ನೊಂದು ಹಾಕೋಕೆ ಅಷ್ಟು ಹೊತ್ತು ಕಾಯ್ಬೇಕು: ಮ್ಯಾಚ್ ನಡೆಯೋವಾಗ 30 ಸೆಕೆಂಡ್, ಕೊನೆ ಐದು ಓವರ್‌ಗೆ 1 ನಿಮಿಷ, ಸೋತ ಮೇಲೆ 5 ನಿಮಿಷ. ಒಬ್ಬನೇ ಇಪ್ಪತ್ತು ಮೆಸೇಜ್ ಸುರಿಯೋದು ಅಲ್ಲಿಗೇ ನಿಲ್ಲುತ್ತೆ. ಅಡ್ಮಿನ್‌ಗಳಿಗೆ ಈ ತಡೆ ಇಲ್ಲ, ಅದಕ್ಕೇ ಅಡ್ಮಿನ್ ಜಗಳಕ್ಕೆ ಇಳೀಬಾರದು.

ನಮ್ಮ ಕಡೆಯ ಇನ್ನೊಂದು ತೊಂದರೆ ಬೇರೆ ಊರಿನವರಿಗೆ ಹೊಳೆಯಲ್ಲ. ಏಪ್ರಿಲ್–ಮೇ ಗುಡುಗು ಮಳೆಗೆ ಕರೆಂಟ್ ಹೋಗಿ ಟವರ್ ಸತ್ತಿರುತ್ತೆ. ಒಂದು ಗಂಟೆ ರಾತ್ರಿಗೆ ಸಿಗ್ನಲ್ ಬಂದಾಗ ಮೂಡಿಗೆರೆ ಮೂಲೆಯ ಹುಡುಗನಿಗೆ ನಾನೂರು ಮೆಸೇಜ್ ಒಟ್ಟಿಗೆ ಬೀಳುತ್ತೆ. ಆರಿಹೋದ ಜಗಳಕ್ಕೆ ಅವನು ಹೊಸದಾಗಿ ಉತ್ತರ ಕೊಡ್ತಾನೆ, ಮತ್ತೆ ಹೊತ್ತಿಕೊಳ್ಳುತ್ತೆ. ಮುಚ್ಚಿದ ಗ್ರೂಪಿನಲ್ಲಿ ಅದಕ್ಕೆ ದಾರಿಯೇ ಇರಲ್ಲ. ಮುಚ್ಚೋಕೆ ಮುಂಚೆ ವೈಯಕ್ತಿಕ ಬೈಗುಳ ಎಲ್ಲ ಅಳಿಸಿ. ಯಾರದೇ ಮೆಸೇಜ್ ಆದ್ರೂ ಅಡ್ಮಿನ್ ಎಲ್ಲರ ಫೋನಿಂದಲೂ ತೆಗೀಬಹುದು.

ಮಲೆನಾಡ_ಸಿಸ್ಟರ್:
ಎರಡನೇ ಪ್ರಶ್ನೆಗೆ. ನಿಜವೋ ಸುಳ್ಳೋ ಎಂದು ಗ್ರೂಪಿನಲ್ಲಿ ಕೂತು ಅಳೆಯಬೇಡಿ. ಕೇಳಿ ತಿಳಿಯುವವರೆಗೆ ನಿಜ ಎಂದೇ ಹಿಡಿಯಿರಿ. "ಎಲ್ಲರೂ ಕ್ಷಮಿಸಿ" ಎಂಬಂಥ ವಿದಾಯದ ಮಾತು, ಒಂದೊಂದೇ ಗ್ರೂಪ್ ಬಿಡುವುದು, ದಿನ ಅಥವಾ ಜಾಗ ಹೇಳುವುದು ಕಂಡರೆ ಒಂದು ನಿಮಿಷವೂ ಕಾಯಬೇಡಿ.

ಒಬ್ಬ ಅಡ್ಮಿನ್ ಮಾತ್ರ ಖಾಸಗಿಯಾಗಿ ಫೋನ್ ಮಾಡಲಿ. ಹತ್ತು ಜನ ಒಟ್ಟಿಗೆ ಮಾಡಿದರೆ ಆತ ಫೋನ್ ಆಫ್ ಮಾಡುತ್ತಾನೆ. ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಎಂದು ಬಹಳ ಜನ ಹೆದರುತ್ತಾರೆ. ಹಾಗಲ್ಲ, ಕೇಳಿದರೆ ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಮುಂದಿನ ಪ್ರಶ್ನೆ: ಈಗ ಎಲ್ಲಿದ್ದೀಯ, ಹತ್ತಿರ ಯಾರಿದ್ದಾರೆ? ಮನೆಯವರೋ ಹಾಸ್ಟೆಲ್ ಗೆಳೆಯನೋ ಪಕ್ಕಕ್ಕೆ ಬಂದು ಕೂರುವವರೆಗೆ ಫೋನ್ ಇಡಬೇಡಿ. ತೋಟದ ಮನೆಯಾದರೆ ಬೆಳೆಗೆ ಹೊಡೆಯುವ ಔಷಧಿ ಇಟ್ಟ ಕೋಣೆಗೆ ಬೀಗ ಹಾಕಿಸಿ, ಕೀಲಿ ಬೇರೆಯವರ ಹತ್ತಿರ ಇರಲಿ. ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಈ ಒಂದು ಕೆಲಸದ ಬೆಲೆ ತುಂಬಾ ದೊಡ್ಡದು. ಪ್ರಾಣಕ್ಕೆ ಅಪಾಯ ಕಂಡರೆ 112.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಾಸನದಲ್ಲಿ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಯೋಜನೆಯಡಿ ಮಂಗಳವಾರ ಮನೋವೈದ್ಯರು ನೋಡುವ ಏರ್ಪಾಡಿದೆ, ಹೊರಡುವ ಮುಂಚೆ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಪೊಲೀಸ್ ಕೇಸ್ ಆಗುತ್ತದೆಂದು ಮನೆಯವರು ಹಿಂಜರಿದರೆ ಹೇಳಿ: 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು, ಶಿಕ್ಷಿಸುವಂತಿಲ್ಲ.

ದಯವಿಟ್ಟು ಅವರನ್ನು ಗ್ರೂಪಿನಿಂದ ತೆಗೆಯಬೇಡಿ. "ಗ್ರೂಪಿಗೆ ಕೆಟ್ಟ ಹೆಸರು" ಎಂದು ತೆಗೆದರೆ ಆ ಹೊತ್ತಿಗೆ ಉಳಿದ ಒಂದೇ ಹಗ್ಗವನ್ನೂ ಕತ್ತರಿಸಿದಂತೆ. ಮೆಸೇಜ್ ಅಳಿಸಿ, ಸ್ಕ್ರೀನ್‌ಶಾಟ್ ಹರಿಯಲು ಬಿಡಬೇಡಿ, ಮರುದಿನ, ಮೂರನೇ ದಿನ, ಏಳನೇ ದಿನ ಅದೇ ಅಡ್ಮಿನ್ "ಊಟ ಆಯ್ತಾ?" ಎಂದು ಕೇಳಲಿ.

ಹೇಮಾವತಿ_ದಂಡೆ:
ಸಿಸ್ಟರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಉಪಕಾರ ಆಯ್ತು. ಹುಡುಗರ ಅಭಿಮಾನ ಯಾವಾಗ ಮಿತಿ ಮೀರಿದೆ ಅಂತ ತಿಳಿಯುತ್ತೆ?

ಮಲೆನಾಡ_ಸಿಸ್ಟರ್:
ಟೀ ಶರ್ಟ್ ಎಷ್ಟು, ಸ್ಟೇಟಸ್ ಎಷ್ಟು ಎಂದು ನೋಡಬೇಡಿ. ನಿದ್ದೆ, ಊಟ, ಕಾಲೇಜು, ದುಡ್ಡು, ಈ ನಾಲ್ಕನ್ನು ನೋಡಿ. ಸೋತ ಬೇಜಾರು ಒಂದೆರಡು ದಿನದಲ್ಲಿ ಇಳಿಯಬೇಕು. ಎರಡು ವಾರ ಕಳೆದರೂ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದರೆ ವಿಷಯ ಕ್ರಿಕೆಟ್ಟಿನದಲ್ಲ, ವೈದ್ಯರಿಗೆ ತೋರಿಸಬೇಕು. ಬೆಟ್ಟಿಂಗ್ ಸಾಲ ಇದೆಯೇ ಎಂದು ಮೆಲ್ಲಗೆ ಕೇಳಿ, ಎಷ್ಟೋ ಸಲ ಸಿಟ್ಟಿನ ಬುಡ ಅಲ್ಲಿರುತ್ತದೆ. ತಂದೆ ತಾಯಿ ಫೋನ್ ಕಿತ್ತಿಡುವುದು ಬೇಡ, ಗ್ರೂಪ್ ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿಸಿದರೆ ಸಾಕು. ಫೋನ್ ಬಳಕೆಯೇ ಕೈ ಮೀರಿದ್ದರೆ ನಿಮ್ಹಾನ್ಸ್‌ನಲ್ಲಿ 2014ರಿಂದ ಅದಕ್ಕೇ ಶಟ್ ಕ್ಲಿನಿಕ್ ಇದೆ.

ಸಾವು ನೋವಿನ ಸುದ್ದಿ ಬಂದ ದಿನ ಇನ್ನೂ ಬಿಗಿ ಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರಲ್ಲ, ಅಂಥ ದಿನ ವಿಡಿಯೊ ಫಾರ್ವರ್ಡ್ ಪೂರ್ತಿ ನಿಲ್ಲಿಸಿ. ದುಃಖಕ್ಕೆ ಕೈಗೊಂದು ಕೆಲಸ ಕೊಡಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು.

ಕಾಫಿ_ಕಣ:
ಮೂರನೆಯದು. ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿಯೊಬ್ಬರ ನಂಬರ್ ಎಲ್ಲರಿಗೂ ಕಾಣುತ್ತೆ, ತೊಂದರೆ ಶುರುವಾಗೋದೇ ಅಲ್ಲಿ. ವಾಟ್ಸಾಪ್‌ನಲ್ಲೇ ಕಮ್ಯುನಿಟಿ (ಹಲವು ಗ್ರೂಪ್ ಒಂದೇ ಕಡೆ ಸೇರಿಸೋ ಏರ್ಪಾಡು) ಮಾಡಿ, ಸುದ್ದಿ ಎಲ್ಲ ಪ್ರಕಟಣೆ ಗ್ರೂಪಿನಲ್ಲಿ ಹಾಕಿ, ಅಲ್ಲಿ ಸದಸ್ಯರಿಗೆ ಒಬ್ಬರದೊಬ್ಬರ ನಂಬರ್ ಕಾಣಲ್ಲ. ಹರಟೆ ಟೆಲಿಗ್ರಾಂಗೆ ಸಾಗಿಸಿ, ಪ್ರೈವೆಸಿಯಲ್ಲಿ ಫೋನ್ ನಂಬರನ್ನ ಯಾರಿಗೂ ಕಾಣದ ಹಾಗೆ ಇಡೋಕೆ ಹೆಣ್ಣುಮಕ್ಕಳಿಗೆ ಮೊದಲೇ ತಿಳಿಸಿ.

ಕಾಟ ಬಂದ್ರೆ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಬ್ಲಾಕ್. ಬಹಳ ಜನ ಸಿಟ್ಟಲ್ಲಿ ಚಾಟ್ ಅಳಿಸಿ ಸಾಕ್ಷಿ ಕಳ್ಕೋತಾರೆ. ಚಿತ್ರದಲ್ಲಿ ನಂಬರ್, ದಿನಾಂಕ, ಸಮಯ ಮೂರೂ ಇರ್ಲಿ. ಅಶ್ಲೀಲ ಚಿತ್ರ, ವಿಡಿಯೊ ಕಳಿಸಿದ್ರೆ ಐಟಿ ಕಾಯ್ದೆಯ 67ನೇ ಕಲಂ ಇದೆ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ದೂರು ಕೊಡಬಹುದು. ಮಹಿಳೆಯರು, ಮಕ್ಕಳ ಮೇಲಿನ ಅಪರಾಧಗಳಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ದಾಖಲಿಸಬಹುದು. ನಕಲಿ ಟಿಕೆಟ್‌ಗೆ ದುಡ್ಡು ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸೆಟ್ಟಿಂಗ್ಸ್_ಸಿದ್ದ:
ಒಂದು ಬಿಟ್ಟುಹೋಗಿತ್ತು. ಅಡ್ಮಿನ್ ಐದು ಜನ ಇರ್ಲಿ, ಒಬ್ಬರಾದ್ರೂ ಹೆಣ್ಣುಮಗಳು. ಮ್ಯಾಚ್ ರಾತ್ರಿ ಇಬ್ಬರು ಕಾಯ್ಲಿ, ಉಳಿದ ಮೂವರು ಮ್ಯೂಟ್ ಮಾಡಿ ಮಲಗ್ಲಿ. ಪರೀಕ್ಷೆ ಇರೋ ಹುಡುಗನಿಗೆ ಮಾರ್ಚ್, ಏಪ್ರಿಲ್‌ನಲ್ಲಿ ಪಾಳಿ ಹಾಕ್ಬೇಡಿ.