ನೋವು ಹೋದರೂ ಕಣಕಾಲು ಮತ್ತೆ ಹೊರಳುವುದೇಕೆ? ಕರಾಟೆಪಟುಗಳ ಪ್ರಶ್ನೆ, ಫಿಸಿಯೊಥೆರಪಿಸ್ಟ್ ಉತ್ತರ

ಪ್ರಶ್ನೆ (ಹಾಸನ, ಬ್ರೌನ್ ಬೆಲ್ಟ್): ಮೇಡಂ, ನಮಸ್ಕಾರ. ಎರಡು ತಿಂಗಳ ಹಿಂದೆ ಕುಮಿತೆ (ಎದುರಾಳಿಯ ಜೊತೆ ಸೆಣಸುವ ಸ್ಪಾರಿಂಗ್) ಅಭ್ಯಾಸದಲ್ಲಿ ಮವಾಶಿ ಗೇರಿ (ಸೊಂಟ ತಿರುಗಿಸಿ ಪಕ್ಕದಿಂದ ಬೀಸುವ ಒದೆತ) ಹೊಡೆದು ಕಾಲು ಇಳಿಸುವಾಗ ಬಲಪಾದ ಒಳಕ್ಕೆ ಹೊರಳಿ ಉಳುಕಿತು. ಎಕ್ಸ್‌ರೇ ನೋಡಿ ಮೂಳೆಗೆ ಏನೂ ಆಗಿಲ್ಲ ಎಂದರು. ಊರಿನಲ್ಲಿ ನೀವಿಸಿಕೊಂಡೆ, ಅಜ್ಜಿ ಹುಣಸೆಹಣ್ಣು ಉಪ್ಪಿನ ಪಟ್ಟು ಹಾಕಿದರು. ಊತ ಇಳಿಯಿತು, ನೋವೂ ಹೋಯಿತು. ಆದರೆ ಒದೆಯಲು ಎಡಗಾಲು ಎತ್ತಿದರೆ ಬಲಗಾಲು ನಡುಗುತ್ತದೆ. ಮೊನ್ನೆ ಮೆಟ್ಟಿಲು ಇಳಿಯುವಾಗ ಮತ್ತೆ ಹೊರಳಿತು. ಡಿಸೆಂಬರಿನಲ್ಲಿ ಬ್ಲ್ಯಾಕ್ ಬೆಲ್ಟ್ ಪರೀಕ್ಷೆ ಇದೆ. ನಿಂತು ಅಭ್ಯಾಸ ಮಾಡುವ ಓಲಾಡುವ ಹಲಗೆ, ಬ್ಯಾಲೆನ್ಸ್ ಬೋರ್ಡ್, ಕೊಳ್ಳಬೇಕೇ?

ಉತ್ತರ: ಸದ್ಯಕ್ಕೆ ಬೇಡ, ಹಣ ಉಳಿಸಿಕೊಳ್ಳಿ. ಪಾದ ಒಳಕ್ಕೆ ಹೊರಳಿದಾಗ ಸಾಮಾನ್ಯವಾಗಿ ಮೊದಲು ಹರಿಯುವುದು ಕಣಕಾಲಿನ ಹೊರಗಿನ ಗಿಣ್ಣಿನ ಮುಂದಿರುವ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಪಟ್ಟಿ. ಪಾದ ಎಷ್ಟು ವಾಲಿದೆ, ಯಾವ ಕಡೆಗೆ ವಾಲಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳು ಅದರಲ್ಲಿವೆ. ಪೆಟ್ಟು ಬಿದ್ದ ಮೇಲೆ ಆ ಸುದ್ದಿ ತಡವಾಗಿ, ಅರೆಬರೆಯಾಗಿ ತಲುಪುತ್ತದೆ. ಪಟ್ಟು ಹಾಕಿದರೂ ನೀವಿಸಿಕೊಂಡರೂ ಅದು ಸರಿಹೋಗುವುದಿಲ್ಲ. ಹೊಸ ಉಳುಕನ್ನು ಗಟ್ಟಿಯಾಗಿ ನೀವಿಸಿಕೊಳ್ಳುವುದಂತೂ ಹರಿದ ಎಳೆಗಳನ್ನು ಇನ್ನಷ್ಟು ಕೆದಕಿದಂತೆ. ಅಜ್ಜಿಯ ಪಟ್ಟಿನ ಮೇಲೆ ನನಗೆ ತಕರಾರಿಲ್ಲ.

1965ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಫ್ರೀಮನ್ ಇದನ್ನು ಬರೆದಿಟ್ಟರು. ಉಳುಕಿದ ಮೇಲೆ ಪಾದ ಪದೇ ಪದೇ ಜಾರುವುದಕ್ಕೆ ಲಿಗಮೆಂಟ್ ಸಡಿಲವಾಗಿರುವುದಷ್ಟೇ ಕಾರಣವಲ್ಲ, ನರಗಳ ಹೊಂದಾಣಿಕೆ ತಪ್ಪಿರುವುದೂ ಕಾರಣ ಎಂಬುದು ಅವರ ವಾದ. ಓಲಾಡುವ ಹಲಗೆಯ ಮೇಲೆ ತರಬೇತಿ ಕೊಡುವ ರೂಢಿಗೆ ಅಲ್ಲಿಂದ ಬಲ ಬಂತು. ಹಲಗೆ ಕೆಟ್ಟದ್ದಲ್ಲ, ಆದರೆ ನೀವು ಒದೆಯುವುದು ನೆಲದ ಮೇಲೆ ನಿಂತು.

ಈ ವಾರ ಬರಿಗಾಲಿನಲ್ಲಿ, ಗಟ್ಟಿ ನೆಲದ ಮೇಲೆ, ಬಾಗಿಲ ಚೌಕಟ್ಟಿನ ಪಕ್ಕ ಬಲಗಾಲೊಂದರಲ್ಲೇ ನಿಲ್ಲಿ. ಮೊಣಕಾಲು ಸ್ವಲ್ಪ ಬಾಗಿರಲಿ. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ, ಈ ಮೂರೂ ನೆಲ ಬಿಡಬಾರದು. ಹೆಚ್ಚಿನವರ ಹೆಬ್ಬೆರಳಿನ ಬುಡ ಮೆಲ್ಲಗೆ ಏಳುತ್ತದೆ, ಭಾರ ಪಾದದ ಹೊರ ಅಂಚಿಗೆ ಜಾರುತ್ತದೆ. ಹೊರಳುವುದು ಶುರುವಾಗುವುದೇ ಅಲ್ಲಿ. 30 ಸೆಕೆಂಡು ಅಲುಗದೆ ನಿಂತರೆ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ಅದೂ ಸುಲಭವಾದರೆ ಕಣ್ಣು ಮುಚ್ಚಿ. ಅಷ್ಟು ದಿನ ಕಣ್ಣು ಮರೆಮಾಚಿದ್ದ ಕೊರತೆ ಆಗ ಬಯಲಾಗುತ್ತದೆ. ನೋವಿನ ಸ್ಪ್ರೇ ಹೊಡೆದುಕೊಂಡು ಇದನ್ನು ಮಾಡಬೇಡಿ.

ಕರಾಟೆ ಶಿಕ್ಷಕರು (ದಾವಣಗೆರೆ): ಮೇಡಂ, ನಾವು ಕಲಿಯುವಾಗ ಫಿಸಿಯೊ ಎಂಬ ಮಾತೇ ಇರಲಿಲ್ಲ. ಕಿಬಾ ದಾಚಿಯಲ್ಲಿ (ಕಾಲಗಲಿಸಿ ಮೊಣಕಾಲು ಬಾಗಿಸಿ, ಕುದುರೆ ಏರಿದಂತೆ ನಿಲ್ಲುವ ನಿಲುವು) ಅರ್ಧ ಗಂಟೆ ನಿಲ್ಲಿಸುತ್ತಿದ್ದರು, ಕಾಲು ಕಬ್ಬಿಣವಾಗುತ್ತಿತ್ತು. ಅದು ಸಾಲದೇ?

ಉತ್ತರ: ತೊಡೆಗೆ ಸಾಕು ಸರ್, ಕಣಕಾಲಿಗೆ ಸಾಲದು. ಕಿಬಾ ದಾಚಿಯಲ್ಲಿ ಭಾರ ಎರಡು ಪಾದಗಳ ನಡುವೆ ಇರುತ್ತದೆ, ಪಾದಗಳ ನಡುವಿನ ಅಂತರವೂ ಹೆಚ್ಚು. ಪಕ್ಕಕ್ಕೆ ವಾಲುವ ಭಯವೇ ಇಲ್ಲದ ಕಡೆ ಕಣಕಾಲು ಏನು ಕಲಿಯಬೇಕು? ಬೇಕಾದದ್ದು ನಿಮ್ಮ ಪರಂಪರೆಯಲ್ಲೇ ಇದೆ. ಶೋಟೊಕಾನ್ ಶೈಲಿಯ ಗಂಕಾಕು ಎಂಬ ಕಟಾದಲ್ಲಿ (ಒಬ್ಬರೇ ಮಾಡುವ, ಕ್ರಮ ಗೊತ್ತುಪಡಿಸಿದ ಚಲನೆಗಳ ಸರಣಿ) ಒಂಟಿಕಾಲಿನ ನಿಲುವು ಮತ್ತೆ ಮತ್ತೆ ಬರುತ್ತದೆ. ಆ ನಿಲುವನ್ನು ಬಿಡಿಯಾಗಿ ತೆಗೆದುಕೊಂಡು ನಿಧಾನವಾಗಿ ಮಾಡಿಸಿ. ಇನ್ನೊಂದು ಮಾತು, ಒದೆಯುವುದನ್ನು ಕಲಿಸುವಾಗ ಎಲ್ಲರ ಕಣ್ಣೂ ಎತ್ತಿದ ಕಾಲಿನ ಮೇಲಿರುತ್ತದೆ. ನೀವು ನಿಂತ ಕಾಲನ್ನು ನೋಡಿ. ಮವಾಶಿಯಲ್ಲಿ ಅದರ ಹಿಮ್ಮಡಿ ಗುರಿಯ ಕಡೆಗೆ ತಿರುಗಬೇಕು. ಮೆತ್ತನೆಯ ಫೋಮ್ ಮ್ಯಾಟಿನಲ್ಲಿ ಪಾದ ಕಚ್ಚಿಕೊಂಡು ಸೊಂಟ ಮಾತ್ರ ತಿರುಗಿದರೆ ತಿರುಚು ಮೊಣಕಾಲಿಗೆ ಬೀಳುತ್ತದೆ. ಆ ಗಾಯದ ಮುಂದೆ ಉಳುಕು ಏನೂ ಅಲ್ಲ.

ಪ್ರಶ್ನೆ (ಹಾಸನ): ಮೇಡಂ, ನಿಂತಲ್ಲಿ ನಿಲ್ಲುವುದು ಈಗ ಬರುತ್ತಿದೆ. ಒದೆದು ಇಳಿಸುವಾಗಲೇ ಭಯ.

ಉತ್ತರ: ಭಯ ಸುಳ್ಳಲ್ಲ. ಪಾದ ಹೊರಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಕಾಲಿನ ಹೊರಮಗ್ಗುಲಲ್ಲಿ ಇಳಿದು ಗಿಣ್ಣಿನ ಹಿಂದಿನಿಂದ ಪಾದಕ್ಕೆ ಹೋಗುವ ಪೆರೋನಿಯಲ್ ಸ್ನಾಯುಗಳು ಸುದ್ದಿ ತಿಳಿದು ಬಿಗಿಯುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಆದ್ದರಿಂದ ಪಾದ ನೆಲ ಮುಟ್ಟುವ ಮೊದಲೇ ಅವು ಸಿದ್ಧವಾಗಿರಬೇಕು. ಅದಕ್ಕೆ ಇಳಿಸುವುದನ್ನೇ ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕು.

ಮವಾಶಿಯನ್ನು ನಾಲ್ಕಾಗಿ ಒಡೆಯಿರಿ: ಮೊಣಕಾಲು ಎತ್ತು, ಸೊಂಟ ತಿರುಗಿಸು, ಕಾಲು ಚಾಚು, ಮಡಚಿ ಹಿಂದಕ್ಕೆ ತಾ. ಪ್ರತಿ ಹಂತದಲ್ಲೂ ಎರಡು ಸೆಕೆಂಡು ತಡೆಯಿರಿ, ಕೊನೆಯದರಲ್ಲಿ ಇನ್ನೂ ಹೆಚ್ಚು. ಬಳಿಕ ಪಾದವನ್ನು ನೀವೇ ಆರಿಸಿದ ಜಾಗದಲ್ಲಿ ಸದ್ದಿಲ್ಲದೆ ಇಡಿ. ಧಪ್ಪೆಂದು ಬಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡೂ ಕಡೆ ಮಾಡಿ, ಏಕೆಂದರೆ ಬಲಗಾಲು ನಿಲ್ಲುವುದನ್ನೂ ಇಳಿಯುವುದನ್ನೂ ಕಲಿಯಬೇಕು. ಇದು ಹಿಡಿತಕ್ಕೆ ಬಂದ ಮೇಲೆ ಬೆಲ್ಟನ್ನು ಸೊಂಟಕ್ಕೆ ಸುತ್ತಿಕೊಂಡು ತುದಿಯನ್ನು ಜೊತೆಗಾರರ ಕೈಗೆ ಕೊಡಿ. ನೀವು ಒಂಟಿಕಾಲಿನಲ್ಲಿ ನಿಂತಿರುವಾಗ ಅವರು ಹೇಳದೆ ಕೇಳದೆ, ಯಾವ ದಿಕ್ಕಿಗಾದರೂ ಹಗುರವಾಗಿ ಎಳೆಯಲಿ. ಎದುರಾಳಿ ಮುನ್ಸೂಚನೆ ಕೊಟ್ಟು ತಳ್ಳುವುದಿಲ್ಲವಲ್ಲ.

ಪ್ರಶ್ನೆ (ಮೈಸೂರು, ಟೇಕ್ವಾಂಡೋ ಕಲಿಯುವ ಹುಡುಗಿಯ ತಾಯಿ): ಮಗಳಿಗೆ ಹನ್ನೊಂದು ವರ್ಷ. ನಿನ್ನೆ ಕಾಲು ಉಳುಕಿದೆ. ಇದನ್ನೆಲ್ಲ ಈಗಲೇ ಶುರುಮಾಡಿಸಲೇ?

ಉತ್ತರ: ಈಗಲೇ ಬೇಡಮ್ಮ. ಮೊದಲು ವೈದ್ಯರಿಗೆ ತೋರಿಸಿ. ಬೆಳೆಯುವ ಮಕ್ಕಳಲ್ಲಿ ಮೂಳೆ ಬೆಳೆಯುವ ತುದಿಗೇ ಪೆಟ್ಟಾಗಿದ್ದು, ಅದು ಉಳುಕಿನಂತೆ ಕಾಣಬಹುದು. ದೊಡ್ಡವರ ವಿಷಯದಲ್ಲಿ 1992ರಲ್ಲಿ ಕೆನಡಾದ ಒಟ್ಟಾವಾದಲ್ಲಿ ರೂಪಿಸಿದ ನಿಯಮವೊಂದು ಬಳಕೆಯಲ್ಲಿದೆ. ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲಾಗದಿದ್ದರೆ, ಇಲ್ಲವೇ ಗಿಣ್ಣಿನ ಮೂಳೆಯ ತುದಿ ಅಥವಾ ಹಿಂದಿನ ಅಂಚು, ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಮೂಳೆ, ಒಳಮಗ್ಗುಲಿನ ಕಮಾನಿನ ಮೇಲಿನ ಮೂಳೆ, ಇವುಗಳನ್ನು ಒತ್ತಿದಾಗ ನೋವಿದ್ದರೆ ಎಕ್ಸ್‌ರೇ ಬೇಕು.

ಪ್ರಶ್ನೆ (ಹಾಸನ): ಕೊನೆಯದು ಮೇಡಂ. ಸ್ಪಾರಿಂಗ್‌ಗೆ ಮರಳಬಹುದು ಎಂದು ಗೊತ್ತಾಗುವುದು ಹೇಗೆ?

ಉತ್ತರ: ತಾರೀಖು ನೋಡಿ ಅಲ್ಲ, ಎಡಗಾಲಿಗೆ ಹೋಲಿಸಿ. ನೆಲಕ್ಕೆ ಟೇಪ್ ಅಂಟಿಸಿ ಮೂರು ಗೆರೆ ಮಾಡಿ: ಒಂದು ನೇರ ಮುಂದಕ್ಕೆ, ಎರಡು ಹಿಂದಕ್ಕೆ ಓರೆಯಾಗಿ. ಗೆರೆಗಳು ಕೂಡುವಲ್ಲಿ ಒಂದು ಕಾಲಿನಲ್ಲಿ ನಿಂತು, ಹಿಮ್ಮಡಿ ಎತ್ತದೆ, ಇನ್ನೊಂದು ಕಾಲಿನ ತುದಿಯನ್ನು ಪ್ರತಿ ಗೆರೆಯ ಮೇಲೂ ಸಾಧ್ಯವಾದಷ್ಟು ದೂರ ಚಾಚಿ ಹಿಂದಕ್ಕೆ ತನ್ನಿ. ದೂರ ಅಳೆಯಿರಿ. ಮುಂದಿನ ಗೆರೆಯಲ್ಲಿ ಎರಡು ಕಾಲುಗಳ ನಡುವೆ 4 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ನಾನು ಬಿಡುವುದಿಲ್ಲ. ಆಮೇಲೆ ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತಿಳಿಸುವ ಲೆಕ್ಕ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬರಬೇಕು. ಒಂಟಿಕಾಲಿನಲ್ಲಿ ಪಕ್ಕಕ್ಕೆ ಜಿಗಿದು ಅಲುಗದೆ ನಿಲ್ಲಲೂ ಆಗಬೇಕು.

ಇವಿಷ್ಟೂ ಆದರೆ ಮೊದಲು ಕಟಾ, ನಂತರ ಪ್ಯಾಡಿಗೆ ಒದೆತ, ಕಡೆಗೆ ಸ್ಪಾರಿಂಗ್. ಸ್ಪಾರಿಂಗ್‌ನ ಮೊದಲ ತಿಂಗಳುಗಳಲ್ಲಿ ಕಣಕಾಲಿಗೆ ಪಟ್ಟಿ ಇರಲಿ. ದಣಿದ ಮೇಲೆ ಇನ್ನೊಮ್ಮೆ ಅಳೆದು ನೋಡುವುದನ್ನು ಮರೆಯಬೇಡಿ, ಬೆಳಗಿನ ತಾಜಾ ಕಾಲು ಮಾಡುವುದನ್ನು ತರಗತಿಯ ಕೊನೆಯ ಹತ್ತು ನಿಮಿಷದಲ್ಲಿ ಅದೇ ಕಾಲು ಮಾಡಲಾರದು. ಮೊಬೈಲನ್ನು ನೆಲದ ಮಟ್ಟದಲ್ಲಿಟ್ಟು ನಿಂತ ಪಾದದ ವಿಡಿಯೊ ತೆಗೆದು ಇಲ್ಲಿ ಹಾಕಿ. ಹೆಬ್ಬೆರಳಿನ ಬುಡ ಏಳುತ್ತಿದೆಯೇ ಎಂದು ನೋಡಿ ಹೇಳುತ್ತೇನೆ.