ಕನ್ನಡ ಪುಸ್ತಕ ಸ್ಕ್ಯಾನ್ ಮಾಡಿ ಕೇಳಲು ಯಾವ ಸಾಫ್ಟ್‌ವೇರ್ ತಗೊಳ್ಳಲಿ?

ಪ್ರಶ್ನೆ: ನಮಸ್ಕಾರ ಸರ್. ನನಗೆ ಕಣ್ಣು ಸ್ವಲ್ಪವೂ ಕಾಣುವುದಿಲ್ಲ. ಎಂಎ ಇತಿಹಾಸ ಓದುತ್ತಿದ್ದೇನೆ, ಲ್ಯಾಪ್‌ಟಾಪ್‌ನಲ್ಲಿ ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಇದೆ. ಪುಸ್ತಕಗಳು ಮುಕ್ಕಾಲು ಪಾಲು ಕನ್ನಡದವು. ಇಷ್ಟು ದಿನ ತಮ್ಮ ಓದಿ ಹೇಳುತ್ತಿದ್ದ, ಈಗ ಅವನು ಕೆಲಸಕ್ಕೆ ಬೇರೆ ಊರಿಗೆ ಹೋದ. ಒಂದು ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ಓದುವ ಸಾಫ್ಟ್‌ವೇರ್ ತೋರಿಸಿದರು. ಇಂಗ್ಲಿಷ್ ಪುಟ ಪಟಪಟ ಓದಿತು. ಕನ್ನಡ ಪುಟ ಹಾಕಿ ಅಂದರೆ, ಅದು ಆಮೇಲೆ ಬರುತ್ತೆ ಅಂದರು. ಅಪ್ಪ ಸಾಲ ಮಾಡಿಯಾದರೂ ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ತಗೊಳ್ಳಲಾ?

ಉತ್ತರ: ಬೇಡಮ್ಮ, ಈಗಲೇ ದುಡ್ಡು ಕೊಡಬೇಡಿ. ನಿಮ್ಮ ಕನ್ನಡ ಪುಟವನ್ನು ನಿಮ್ಮ ಎದುರೇ ಓದಿ ತೋರಿಸದ ಸಾಫ್ಟ್‌ವೇರ್ ನಿಮಗೆ ಬೇಕಾದದ್ದಲ್ಲ.

ನಾನೂ ಅಂಧ, ಕಂಪ್ಯೂಟರ್ ಕಲಿಸುವುದೇ ನನ್ನ ಕೆಲಸ. ನಾನು ನೋಡುವುದು ಎರಡೇ. ಕನ್ನಡ ಗುರುತಿಸುತ್ತಾ? ಪುಟ ಇಡುವುದರಿಂದ ಹಿಡಿದು ಫೈಲ್ ಉಳಿಸುವ ತನಕ ಮೌಸ್ ಮುಟ್ಟದೆ, ಯಾರನ್ನೂ ಕರೆಯದೆ ಮಾಡಬಹುದಾ?

ಎನ್‌ವಿಡಿಎ ಕೀ ಜೊತೆ ಆರ್ ಒತ್ತಿದರೆ ವಿಂಡೋಸ್‌ನ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸುವ ವ್ಯವಸ್ಥೆ, ಓಡುತ್ತದೆ. ಇಂಗ್ಲಿಷ್‌ಗೆ ಸಾಕು, ಅದರಲ್ಲಿ ಕನ್ನಡ ಇಲ್ಲ. ಕನ್ನಡಕ್ಕೆ ಟೆಸರಾಕ್ಟ್ ಅನ್ನುವ ಓಸಿಆರ್ ಇದೆ. 2005ರಿಂದ ಮುಕ್ತ ತಂತ್ರಾಂಶ, ಒಂದು ಪೈಸೆ ಖರ್ಚಿಲ್ಲ. ಅದನ್ನೇ ಒಳಗಿಟ್ಟುಕೊಂಡ ನ್ಯಾಪ್ಸ್2 ಅನ್ನುವ ಸ್ಕ್ಯಾನಿಂಗ್ ತಂತ್ರಾಂಶ ಹಾಕಿಕೊಳ್ಳಿ, ಅದೂ ಉಚಿತ. ಓಸಿಆರ್ ಸೆಟ್ಟಿಂಗ್‌ನಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಡೌನ್‌ಲೋಡ್ ಮಾಡಿ. ಪಿಡಿಎಫ್ ಆಗಿ ಉಳಿಸಿದರೆ ಪಠ್ಯ ಒಳಗೇ ಇರುತ್ತದೆ. ಒಮ್ಮೆ ಡೌನ್‌ಲೋಡ್ ಆದಮೇಲೆ ನೆಟ್ ಬೇಕಿಲ್ಲ.

ಇನ್ನೊಂದು ದಾರಿ ಗೂಗಲ್ ಡ್ರೈವ್. ಪುಟದ ಚಿತ್ರ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರವಾಗಿ ಬರುತ್ತದೆ. ನನ್ನ ಅನುಭವದಲ್ಲಿ ಕನ್ನಡ ಇದರಲ್ಲೇ ಜಾಸ್ತಿ ಸರಿ ಬರುತ್ತದೆ. ದೊಡ್ಡ ಪುಸ್ತಕವನ್ನು ತುಂಡು ಮಾಡಿ ಹಾಕಿ. ಬ್ಯಾಂಕ್ ಕಾಗದ, ಆಸ್ಪತ್ರೆ ಚೀಟಿ ಮಾತ್ರ ಅಲ್ಲಿಗೆ ಹಾಕಬೇಡಿ. ಅವು ನಿಮ್ಮ ಕಂಪ್ಯೂಟರ್‌ನಲ್ಲೇ ಇರಲಿ.

ಸ್ಕ್ಯಾನರ್‌ನ ಸ್ಪಷ್ಟತೆ 300 ಡಿಪಿಐ, ಬಣ್ಣ ಗ್ರೇಸ್ಕೇಲ್ (ಬೂದು ಛಾಯೆ) ಇರಲಿ. ಕಾಗದ ತೆಳುವಾಗಿದ್ದರೆ ಹಿಂಬದಿಯ ಅಕ್ಷರ ಮುಂದೆ ಮೂಡಿ ಎಲ್ಲಾ ಕಲಸುಮೇಲೋಗರ ಆಗುತ್ತದೆ. ಪುಟದ ಬೆನ್ನಿಗೆ ಒಂದು ಕಪ್ಪು ಹಾಳೆ ಇಡಿ, ತುಂಬಾ ವ್ಯತ್ಯಾಸ ಆಗುತ್ತದೆ. ಪುಸ್ತಕವನ್ನು ಮಧ್ಯದಲ್ಲಿ ಅಂಗೈಯಿಂದ ಒತ್ತಿ ಹಿಡಿಯಿರಿ. ಇಲ್ಲದಿದ್ದರೆ ಹೊಲಿಗೆ ಹತ್ತಿರದ ಅಕ್ಷರಗಳು ಬಾಗಿ ಕಳೆದುಹೋಗುತ್ತವೆ.

ಒಂದು ವಿಷಯ ಮೊದಲೇ ಗೊತ್ತಿರಲಿ. 'ಧರ್ಮ' ಇರುವ ಕಡೆ ನಿಮಗೆ 'ಧಮ ಒಂಬತ್ತು' ಅಂತ ಕೇಳಿಸಬಹುದು. ಅರ್ಕಾವತ್ತಿನ ಆಕಾರ, ಕನ್ನಡದ ೯ರ ಆಕಾರ ಎರಡೂ ಒಂದೇ ತರಹ, ಅಲ್ವಾ? ಅಲ್ಲಿ ಓಸಿಆರ್ ಎಡವುತ್ತದೆ. ಅನುಸ್ವಾರ ಸೊನ್ನೆಯಾಗುತ್ತದೆ, ಒತ್ತಕ್ಷರ ಬಿಟ್ಟುಹೋಗುತ್ತದೆ. ವಾರ ಕಳೆದರೆ ಕಿವಿಗೆ ರೂಢಿಯಾಗಿ ಮಾತು ಅರ್ಥವಾಗುತ್ತದೆ. ಆದರೆ ಇಸವಿ ಹಾಗಲ್ಲ. ವಿಜಯನಗರಕ್ಕೆ 1336 ಅಂತ ಇದ್ದದ್ದು 1386 ಅಂತ ಓದಿದರೆ ಕಿವಿಗೆ ತಪ್ಪು ಅನ್ನಿಸುವುದೇ ಇಲ್ಲ. ಪರೀಕ್ಷೆಗೆ ಮುಂಚೆ ಇಸವಿಗಳನ್ನಷ್ಟೇ ತಮ್ಮನಿಗೆ ಫೋನ್ ಮಾಡಿ ತಾಳೆ ನೋಡಿಕೊಳ್ಳಿ.

ಪ್ರಶ್ನೆ: ತುಂಬಾ ಧೈರ್ಯ ಬಂತು ಸರ್. ಇಡೀ ಪುಸ್ತಕ ಸ್ಕ್ಯಾನ್ ಮಾಡಿದರೆ ಕಾನೂನಿನ ತೊಂದರೆ ಇಲ್ವಾ?

ಉತ್ತರ: ಇಲ್ಲ. ನಮ್ಮಂಥವರು ಸ್ವಂತ ಓದಿಗೆ ಹೀಗೆ ಮಾಡಿಕೊಳ್ಳಲು 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿ ಅವಕಾಶ ಕೊಟ್ಟಿದ್ದಾರೆ. ಮಾರುವಂತಿಲ್ಲ ಅಷ್ಟೇ. ಮೊದಲು ನಮ್ಮಂಥವರಿಗಾಗಿಯೇ ಇರುವ ಆನ್‌ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯದಲ್ಲಿ ಹುಡುಕಿ. ಸಿಕ್ಕರೆ ಸ್ಕ್ಯಾನ್ ಮಾಡುವ ಶ್ರಮವೇ ಉಳಿಯುತ್ತದೆ.

ಇನ್ನೊಬ್ಬರ ಪ್ರಶ್ನೆ: ಸರ್, ನನ್ನ ಹತ್ತಿರ ಕನ್ನಡ ನೋಟ್ಸ್ ಪಿಡಿಎಫ್ ಇದೆ. ಸ್ಕ್ಯಾನ್ ಮಾಡಿದ್ದಲ್ಲ, ಟೈಪ್ ಮಾಡಿದ್ದು. ಆದರೂ ಎನ್‌ವಿಡಿಎ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಓದುತ್ತದೆ.

ಉತ್ತರ: ಅದು ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದಿರಬೇಕು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಸಂಕೇತ. ಟೈಪ್ ಮಾಡಿದವರ ಬಳಿ ಮೂಲ ಫೈಲ್ ಇದ್ದರೆ ಕನ್ನಡವನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡ್ ಸಂಕೇತಕ್ಕೆ ಬದಲಿಸಿಕೊಡಿ ಅಂತ ಕೇಳಿ. ಇಲ್ಲದಿದ್ದರೆ ಆ ಪಿಡಿಎಫ್ ಪುಟಗಳನ್ನು ಚಿತ್ರ ಮಾಡಿ ಓಸಿಆರ್‌ಗೆ ಕೊಡಿ. ಅಚ್ಚು ಸ್ವಚ್ಛ ಇರುವುದರಿಂದ ಪುಸ್ತಕಕ್ಕಿಂತ ಚೆನ್ನಾಗಿ ಬರುತ್ತದೆ.

ಮೊದಲು ಕೇಳಿದ ತಂಗಿಗೆ: ನಿಮ್ಮ ಪುಸ್ತಕದ ಒಂದೇ ಪುಟ ಇಲ್ಲಿ ಕಳಿಸಿ. ನ್ಯಾಪ್ಸ್2, ಗೂಗಲ್ ಡ್ರೈವ್ ಎರಡರಲ್ಲೂ ಹಾಕಿ ಏನು ಬಂತು ಅಂತ ನಿಮಗೆ ಕಳಿಸುತ್ತೇನೆ, ಕೇಳಿ ನೀವೇ ಆರಿಸಿಕೊಳ್ಳಿ.